ಹಿಂದಿನ ಬೆಂಚಿನ ಲಿಂಗಿ

ನಿಂಗಮ್ಮ ಬೆಳಗಿನ ಮುದ್ದೆಗೆ ಹಿಟ್ಟು ಸುರಿದು ಇನ್ನೇನು ಕೋಲು ಹಾಕಬೇಕು, ಮಗಳು ಲಿಂಗಿ ಬಂದು ಗೋಡೆಯ ಮೊಳೆಯಿಂದ ಕಾಫಿ ಹಣ್ಣು ತುಂಬುವ ಪಿಕಿಂಗ್ ಚೀಲ ಇಳಿಸಿಕೊಂಡಳು.

"ನಾನೂ ಹಣ್ಣು ಕುಯ್ಯೋಕೆ ಬರ್ತೀನಿ ಅವ್ವ. ಕಾಲೇಜಿಗೆ ಹೋಗಲ್ಲ."

ಹಿಟ್ಟು ಗಂಟು ಕಟ್ಟಿತು. ಪಾಲಿಬೆಟ್ಟದ ಆ ಎಸ್ಟೇಟ್ ಲೈನಿನಿಂದ, ಕೂಲಿಯವರ ಸಾಲುಮನೆಗಳಿಂದ, ಮಡಿಕೇರಿಗೆ, ಆಗ ಪ್ರತ್ಯೇಕ ರಾಜ್ಯವಾಗಿದ್ದ ನಮ್ಮ ಕೊಡಗಿನ ಕಾಲೇಜಿಗೆ, ಹೋದವಳು ಲಿಂಗಿಯೊಬ್ಬಳೇ. ರಜೆ ಮುಗಿಸಿ ನಾಳೆ ಹಾಸ್ಟೆಲಿಗೆ ಹೊರಡಬೇಕಿತ್ತು.

"ನಾನು ಅವತ್ತೇ ಹೇಳ್ಲಿಲ್ವಾ?" ಎಂದ ಅಪ್ಪ ಸಣ್ಣಸ್ವಾಮಿ. "ಓದಿ ಹಾಜರಿ ಬರೆಯೋ ರೈಟರ್ ಆಗ್ತಾಳಾ? ಎಸ್ಟೇಟಿಗೆ ಇರೋದು ಒಬ್ಬನೇ ರೈಟರ್. ಅವನಿನ್ನೂ ಗಟ್ಟಿಮುಟ್ಟಾಗವ್ನೆ."

ನಿಂಗಮ್ಮ ಪಾತ್ರೆ ಇಳಿಸಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಏನಾಯ್ತು ಮಗ?"

"ಪಾಠ ಅರ್ಥ ಆಗಲ್ಲ. ಓದಿ ಯಾವ ಕೆಲಸಕ್ಕೆ ಹೋಗ್ಬೇಕೋ ಅದೂ ಗೊತ್ತಿಲ್ಲ."

"ಮೇಷ್ಟ್ರನ್ನ ಕೇಳೋದಲ್ವಾ?"

"ದೊಡ್ಡೋರು ಮಾತಾಡಿಸದೆ ಬಾಯಿ ಬಿಡ್ಬಾರ್ದು ಅಂತ ನೀನೇ ಹೇಳಿದ್ದು."

ನಿಜ. ಹಾಜರಿ ಹೊತ್ತಿನಲ್ಲಿ ರೈಟರ್ ಮುಂದೆ ಕೈಕಟ್ಟಿ, ನೆಲ ನೋಡುತ್ತ ನಿಲ್ಲುವುದನ್ನು ಅವಳೇ ಕಲಿಸಿದ್ದಳು. ಮಗು ಅದನ್ನೇ ಕಾಲೇಜಿಗೂ ಒಯ್ದು, ಆರು ತಿಂಗಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿತ್ತು.

ಚಳಿಜ್ವರದ ಮಾತ್ರೆ ಹಂಚುತ್ತ ಬಂದ ಆಸ್ಪತ್ರೆಯ ದಾದಿ ವನಜಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡರು.

"ಸಣ್ಣಸ್ವಾಮಿ, ಹೋದ ಸಲ ಮೂರು ದಿನದ ಮಾತ್ರೆ ಒಂದೇ ಸಲ ನುಂಗಿದ್ಯಲ್ಲ, ಯಾಕೆ?"

"ಹೆಂಗೆ ನುಂಗೋದು ಅಂತ ಕೇಳೋಕೆ ನಾಚ್ಕೆ ಆಯ್ತು ಸಿಸ್ಟರಮ್ಮ."

"ಮಾತ್ರೆ ಹೆಚ್ಚಾಗಿ ಕಿವಿ ಏನಾಯ್ತು?"

"ಎರಡು ದಿನ ಗುಂಯ್ ಅಂತಿತ್ತು."

ಲಿಂಗಿ ನಕ್ಕುಬಿಟ್ಟಳು. ವನಜಮ್ಮ ಅವಳ ತಲೆ ನೇವರಿಸಿದರು. "ನಾನೂ ಲೈನಲ್ಲಿ ಹುಟ್ಟಿದೋಳೇ ಮಗ. ಕೇಳಿ ಕೇಳಿಯೇ ದಾದಿ ಆದೆ. ಹಾಜರೀಲಿ ಬಾಯ್ಬಿಟ್ರೆ ರೈಟರ್ ಗದರ್ತಾನೆ. ಕಾಲೇಜಲ್ಲಿ ಮೇಷ್ಟ್ರು ಇರೋದೇ ಹೇಳೋಕೆ. ಅರ್ಥ ಆಗದ್ದು ಕೇಳು. ನಿನಗಿಷ್ಟವಾದ ಕೆಲಸಕ್ಕೆ ದಾರಿ ಯಾವುದು ಅಂತಲೂ ಕೇಳು. ಏನು ನಿನಗಿಷ್ಟ?"

"ಕಾಫಿ ಗಿಡದ ರೋಗ ಪರೀಕ್ಷೆ ಮಾಡೋದು," ಎಂದಳು ಲಿಂಗಿ ಮೆಲ್ಲಗೆ.

ಸಣ್ಣಸ್ವಾಮಿ ಮಗಳನ್ನೇ ನೋಡಿದ. ಅವಳ ಕೈಯಿಂದ ಚೀಲ ತೆಗೆದುಕೊಂಡ. "ಅದು ಎಸ್ಟೇಟ್ ದೊರೆಗೂ ಬಗೆಹರಿಯದ ವಿಷ್ಯ. ಹೋಗಿ ಕೇಳವ್ವ."

ಮರುದಿನ ನಿಂಗಮ್ಮ ತಾನೇ ಬಸ್ಸಿನಲ್ಲಿ ಮಗಳನ್ನು ಕರೆದೊಯ್ದು ಕ್ಲಾಸಿನ ಹೊರಗೆ ಜಗಲಿಯಲ್ಲಿ ನಿಂತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಿಂದ ಮೊದಲ ಸಲ ಒಂದು ಮಗು ಕಾಲೇಜು ಮೆಟ್ಟಿಲು ಹತ್ತಿದೆಯೇ? ಬುತ್ತಿ ಕಟ್ಟಿಕೊಟ್ಟರೆ ಸಾಲದು. "ತಿಳಿಯದ್ದನ್ನು ಕೇಳು, ನಾವಿದ್ದೇವೆ" ಎಂದೂ ಹೇಳಿ ಕಳಿಸಿ. ಆಮೇಲೆ ಏನಾಗುತ್ತದೆಂದು ನಿಂಗಮ್ಮ ಅಂದು ಕಿಟಕಿಯಿಂದ ಕಣ್ಣಾರೆ ಕಂಡಳು. ಪಾಠ ಮುಗಿಸಿದ ನಾಣಯ್ಯ ಮೇಷ್ಟ್ರು ಏನಾದರೂ ಕೇಳುವುದಿದೆಯೇ ಎಂದರು. ಹಿಂದಿನ ಬೆಂಚಿನಿಂದ ಲಿಂಗಿ ಎದ್ದಳು. ಮುಂದಿನವರೆಲ್ಲ ತಿರುಗಿ ನೋಡಿದರು. ಮೇಷ್ಟ್ರ ಮುಖ ಅರಳಿತು. ಲಿಂಗಿ ಕಟ್ಟಿದ ಕೈ ಬಿಟ್ಟು, ತಲೆಯೆತ್ತಿ, ಹೊರಗಿದ್ದ ಅವ್ವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು:

"ಸಾರ್, ಕಾಫಿ ಎಲೆಗೆ ತುಕ್ಕು ರೋಗ ಯಾಕೆ ಬರುತ್ತೆ? ಅದನ್ನ ಪರೀಕ್ಷೆ ಮಾಡೋ ಕೆಲಸಕ್ಕೆ ಸೇರೋಕೆ ನಾನು ಏನು ಓದಬೇಕು?"