ಬಿಡಿಸಿ ನೋಡದ ಗಂಟು

ಟಕ್ — ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯುವ ಮಷಿನ್ನಿನ ಗಾಜಿಗೆ ಒಳಗಿನಿಂದ ಏನೋ ಬಡಿಯಿತು, ಯಾವುದೋ ಕೊರಳಪಟ್ಟಿಯ ಬಿಲ್ಲೆ ಇರಬೇಕು, ನಾಯಿಯ ಹಾಸಿನೊಳಗೆ ಜನ ಏನೇನೋ ಬಿಟ್ಟು ಕಳಿಸುತ್ತಾರೆ, ಎಲುಬು, ಚೆಂಡು, ಒಮ್ಮೆ ಯಾರದೋ ಕನ್ನಡಕ, ಇರಲಿ, ಮೊದಲು ಕಿವಿಯ ಹಿಂದೆ ಬಾಚಬೇಕು, ಚಿಗಟ ಕೂರುವ ಜಾಗ ಅದೇ, ಆಮೇಲೆ ಬಾಲದ ಬುಡ, ಆಮೇಲೆ ಹೊಟ್ಟೆ. ಇವಳು ನಾಯಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಸಣ್ಣ ಹಲ್ಲಿನ ಬಾಚಣಿಗೆ ಎಳೆದಳು, ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಕೊಡವಿದಳು, ಕರಿ ಪುಡಿ ಬಿದ್ದು ಕೆಂಪಗೆ ಹರಡಿದರೆ ಚಿಗಟ ಇದೆ ಎಂದರ್ಥ, ಏನೂ ಬೀಳಲಿಲ್ಲ, ಮತ್ತೆ ಎಳೆದಳು, ಏನೂ ಇಲ್ಲ, ಇರುವುದಾದರೂ ಹೇಗೆ, ಅಕ್ಕ ಸಾಕಿದ ನಾಯಿ, ಇದರ ಮೈಮೇಲೆ ನೊಣ ಕೂರಬೇಕಾದರೂ ಅಕ್ಕನ ಅಪ್ಪಣೆ ಬೇಕಿತ್ತು. ಸಾಹೇಬ ಎಂದು ಹೆಸರಿಟ್ಟಿದ್ದಳು, ಸಾಹೇಬ್ರು ಇನ್ನೂ ಎದ್ದಿಲ್ಲ ಕಣೇ, ಆಮೇಲೆ ಫೋನ್ ಮಾಡು. ಅಕ್ಕನ ಮಂಡಿಗಳ ನಡುವೆ ಇವಳ ತಲೆಯೂ ಹೀಗೇ ಸಿಕ್ಕಿಕೊಂಡಿರುತ್ತಿತ್ತು, ಶಾಲೆಯಿಂದ ಹೇನು ಹೊತ್ತು ತಂದ ದಿನಗಳಲ್ಲಿ, ಅಮ್ಮನಿಗೆ ಪುರುಸೊತ್ತೆಲ್ಲಿ, ಅಕ್ಕನೇ ಸೀರಣಿಗೆ ಹಿಡಿದು ಕೂರುವುದು, ಅಲ್ಲಾಡಬೇಡ್ವೇ, ನಿನ್ ತಲೇಲಿ ಸಂತೆ ನೆರೆದಿದೆ. ನಾಯಿಗಳ ಈ ಸಲೂನಿನಲ್ಲಿ ಇವಳಿಗೆ ಕೆಲಸ ಸಿಕ್ಕಿದ ದಿನ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ವಿದ್ಯೆ ಕಲಿಸಿದ ಗುರು ನಾನು, ಮರೀಬೇಡ.

ಟಕ್. ಇವತ್ತು ಸ್ನಾನವಿಲ್ಲ, ಬಾಚಿ ಔಷಧಿ ಬಿಡುವುದಷ್ಟೇ, ಒದ್ದೆ ಮೈಗೆ ಅದು ಹಿಡಿಯುವುದಿಲ್ಲ. ಭಾವ ಈಗ ತಾನೇ ತಂದು ಬಿಟ್ಟು ಹೋದದ್ದು, ಅಕ್ಕ ತೀರಿಕೊಂಡ ಮೇಲೆ ನಾಯಿ ಇಲ್ಲಿಗೆ ಬಂದದ್ದು ಇದೇ ಮೊದಲು, ಒಬ್ಬರ ಮುಖ ಒಬ್ಬರು ನೋಡಲಾರದೆ ಇಬ್ಬರೂ ನಾಯಿಯನ್ನೇ ನೋಡುತ್ತ ಮಾತಾಡಿದರು, ನಮ್ಮಮ್ಮನ ಮನೇಲಿ ಬಿಡ್ತೀನಮ್ಮಾ ಇದನ್ನ, ಅಲ್ಲಿ ಬೆಕ್ಕುಗಳಿವೆ, ಚಿಗಟ ಹತ್ತದ ಹಾಗೆ ಏನಾದ್ರೂ ಹಾಕ್ಬಿಡು, ಇದರ ಹಾಸು ಈ ಚೀಲದಲ್ಲಿದೆ, ಅದಿಲ್ದೆ ಇದು ಮಲಗಲ್ಲ, ಅದು, ಅವಳದ್ದು — ಎಂದವನು ಚೀಲ ಕೆಳಗಿಟ್ಟು, ಸಂಜೆ ಬರ್ತೀನಿ ಅಂದ. ಸರಿ ಭಾವ ಅಂದಳು ಇವಳು. ಅವಳದ್ದು ಏನು ಅಂತ ಕೇಳಲಿಲ್ಲ, ಕೇಳಿದ್ದರೆ ಇಬ್ಬರೂ ಅಂಗಡಿಯ ನಡುಮಧ್ಯೆ ಅತ್ತುಬಿಡುತ್ತಿದ್ದರು. ಮುಂದಿನ ಕೋಣೆಯಿಂದ ಯಜಮಾನತಿ ಕೂಗುತ್ತಾಳೆ, ಹಾಸು ಮಷಿನ್ನಿಗೆ ಹಾಕಿದ್ಯೇನೇ, ಬಿಸಿನೀರು ತಾನೆ? ಹೂಂ ಹಾಕ್ದೆ. ಅದನ್ನೂ ಹೇಳಿಸಿಕೊಳ್ಳಬೇಕೇ, ಬಂದವರಿಗೆಲ್ಲ ಆ ಪಾಠ ಒಪ್ಪಿಸುವುದು ಇವಳೇ, ನಾಯಿಗೆ ಎಷ್ಟು ಔಷಧಿ ಹಾಕಿದ್ರೂ ಸಾಲ್ದು, ಮೊಟ್ಟೆಯೆಲ್ಲ ಹಾಸಿಗೇಲೇ ಇರೋದು, ಕೊಡವಬೇಡಿ, ಬಿಡಿಸಿ ನೋಡಬೇಡಿ, ಮನೆ ತುಂಬ ಉದುರತ್ತೆ, ಗಂಟು ತಂದು ಹಾಗೇ ಮಷಿನ್ನಿನ ಬಾಯಿಗೆ ಸುರೀರಿ, ನೀರು ಮಾತ್ರ ಬಿಸಿ ಇರ್ಲಿ. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ, ಇವತ್ತಂತೂ ಕಣ್ಣು ತುಂಬಿಕೊಂಡಿತ್ತು, ಯಾರಾದರೂ ನೋಡಿಯಾರೆಂದು ಮುಖ ಗೋಡೆಗೆ ತಿರುಗಿಸಿಯೇ ಚೀಲ ಬಗ್ಗಿಸಿದ್ದಳು.

ಈಗ ಔಷಧಿ, ಹೆಗಲೆಲುಬುಗಳ ನಡುವೆ ಕೂದಲು ಬಿಡಿಸಿ ಚರ್ಮಕ್ಕೇ ತಾಗುವಂತೆ, ನಾಯಿಯ ನಾಲಿಗೆ ತಲುಪದ ಜಾಗ. ಅಕ್ಕನ ಕೈಯೂ ಅಲ್ಲಿಗೆ ತಲುಪುತ್ತಿರಲಿಲ್ಲ, ಕೊನೆಕೊನೆಗೆ ನೋವೆಲ್ಲ ಅಲ್ಲೇ ಬಂದು ಕೂತಿತ್ತು, ಸ್ವೆಟರ್ ಮೇಲೆತ್ತಿ ಮುಲಾಮು ತಿಕ್ಕಬೇಕು, ಇನ್ನೂ ಸ್ವಲ್ಪ ಮೇಲೆ, ಹಾಂ ಅಲ್ಲಿ, ನಾಯಿಗಳಿಗೂ ಇಷ್ಟು ಮೆತ್ತಗೆ ತಿಕ್ತೀಯೇನೇ, ಪುಣ್ಯ ಮಾಡಿವೆ ಬಿಡು. ಆ ನೀಲಿ ಸ್ವೆಟರ್, ಬೇಸಿಗೆಯಲ್ಲೂ ಚಳಿ ಎಂದು ತೆಗೆಯುತ್ತಲೇ ಇರಲಿಲ್ಲ, ಮುಲಾಮು, ತಲೆಗೆಣ್ಣೆ, ಅಕ್ಕ, ಮೂರೂ ಬೆರೆತ ವಾಸನೆ, ಈಗ ಎಲ್ಲಿ ಹುಡುಕಬೇಕು ಅದನ್ನು, ಭಾವ ವಾರದೊಳಗೇ ಬಟ್ಟೆಯೆಲ್ಲ ಒಗೆಸಿ ಹಂಚಿಬಿಟ್ಟಿದ್ದ, ಇವಳು ಹೋಗಿ ಕಪಾಟಿನೊಳಗೆ ತಲೆ ತೂರಿಸಿ ಉಸಿರೆಳೆದರೆ ಬರೀ ಮರದ ವಾಸನೆ, ನೀಲಿ ಸ್ವೆಟರಾದರೂ ಇದೆಯಾ ಭಾವ ಎಂದು ನಾಲಿಗೆ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ಅದರ ತೋಳಿನ ಗುಂಡಿ ಕಳೆದುಹೋದಾಗ ಇವಳೇ ತನ್ನ ಕೋಟಿನ ಕರಿಗುಂಡಿ ಕಿತ್ತು ಹೊಲಿದುಕೊಟ್ಟಿದ್ದಳು, ಅಯ್ಯೋ ಇದೇನೇ, ಗುಂಡೀನೋ ಬಂಡಿ ಗಾಲೀನೋ, ಎಲ್ಲಿ ಕೈ ಇಟ್ರೂ ಟಕ್ ಅನ್ನತ್ತಲ್ಲೇ —

ಟಕ್.

ಅದಿಲ್ದೆ ಇದು ಮಲಗಲ್ಲ. ಅದು, ಅವಳದ್ದು. ಓಡಿದಳು, ಔಷಧಿಯ ಕೊಳವೆ ಕೈಯಲ್ಲೇ ಇತ್ತು, ಮಷಿನ್ನಿನ ಗುಂಡಿ ಒತ್ತಿದಳು, ಕೆಂಪು ದೀಪ, ಬಾಗಿಲು ಬಿಗಿದಿದೆ, ನೀರು ಇಳಿಯುವವರೆಗೆ ತೆರೆಯುವುದಿಲ್ಲ, ಗಾಜು ಸುಡುತ್ತಿದೆ, ನೊರೆ, ಬರೀ ನೊರೆ, ಒಂದು ಚಿಗಟ ಇರಲಿಲ್ಲವಲ್ಲ, ಒಂದೇ ಒಂದು, ಸಂಜೆ ಭಾವನಿಗೆ ಏನು ಹೇಳುವುದು, ಚೊಕ್ಕಟವಾಗಿದೆ ಭಾವ ಎಂದೇ, ಸಾಹೇಬ ಹಿಂದೆಯೇ ಬಂದು ಗಾಜಿಗೆ ಮೂಗು ತಾಗಿಸಿತು, ಬಿಸಿಗೆ ಹಿಂದೆಗೆದು ಮತ್ತೆ ತಾಗಿಸಿತು, ಬಾಲ ಒಮ್ಮೆ ಅಲ್ಲಾಡಿತು, ನೊರೆಯೊಳಗಿಂದ ನೀಲಿ ತೋಳು ಮೇಲೆದ್ದು ಬಂತು, ಗಾಜಿಗೆ ಅಂಗೈ ಇಟ್ಟಂತೆ ಒಂದು ಕ್ಷಣ ಅಂಟಿಕೊಂಡಿತು, ಟಕ್, ಮುಳುಗಿತು, ಬಂತು, ನೀಲಿ ತೋಳು, ಕರಿಗುಂಡಿ, ಟಕ್, ಮುಳುಗಿತು, ನೀಲಿ ತೋಳು —