ಏಳು ಗಂಟೆಯ ಪಾರ್ಕು

ಒಂದು ಸಂಜೆ ಷಮೀಮ್ ಅಂಗಡಿಯಿಂದ ಮನೆಗೆ ಬಂದಾಗ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು. ಬಿದ್ದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಪಕ್ಕದ ಮನೆಯ ಶ್ಯಾಮಲಮ್ಮ ನೋಡಿ ಮೊದಲು ನಕ್ಕರು. ಆಮೇಲೆ ಅವರ ನಗು ನಿಂತಿತು.

“ಅಲ್ಲ ಕಣಮ್ಮ, ಬೀದಿ ತುಂಬ ಜಲ್ಲಿ ಸುರಿದವ್ರೆ. ಬರಿಗಾಲಿಗೆ ಒಂದೂ ಚುಚ್ಚಲಿಲ್ವಾ?”

“ಇಲ್ಲಕ್ಕ. ಏನೂ ಗೊತ್ತಾಗ್ಲಿಲ್ಲ.”

“ಎಷ್ಟು ದಿನದಿಂದ ಹಿಂಗೆ?”

“ಸ್ವಲ್ಪ ದಿನದಿಂದ ಕಾಲು ಜೋಮು ಹಿಡಿದಂಗೆ ಇರ್ತದೆ. ಬೆಳಗ್ಗೆಯಿಂದ ಕೂತಲ್ಲೇ ಕೂತಿರ್ತೀನಲ್ಲ, ಅದಕ್ಕೇ ಅಂತ ಸುಮ್ನಿದ್ದೆ.”

ಶ್ಯಾಮಲಮ್ಮ ಆಶಾ ಕಾರ್ಯಕರ್ತೆ. ಆ ಬೀದಿಯಲ್ಲಿ ಯಾರಿಗೆ ಕೆಮ್ಮು ಬಂದರೂ ಮೂರನೆಯ ಸಲಕ್ಕೆ ಅವರಿಗೆ ಸುದ್ದಿ ಹೋಗಿರುತ್ತದೆ. ಮಾರನೆಯ ದಿನವೇ ಷಮೀಮಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಕ್ಕರೆ ಕಾಯಿಲೆ ಅವಳಿಗೆ ಎರಡು ವರ್ಷದಿಂದ ಇತ್ತು, ಮಾತ್ರೆಯೂ ನಡೆಯುತ್ತಿತ್ತು. ಆದರೂ ತಿಂಡಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದರೆ ಬಂದದ್ದು ಇನ್ನೂರ ಹದಿನೆಂಟು.

“ಮಾತ್ರೆ ಒಂದೇ ಸಾಕಾಗಲ್ಲಮ್ಮ,” ಅಂದರು ಡಾಕ್ಟರಮ್ಮ. “ದಿನಾ ಅರ್ಧ ಗಂಟೆ ನಡೀಲೇಬೇಕು. ಇವತ್ತು ಚಪ್ಪಲಿ ಹೋಗಿದ್ದು ಗೊತ್ತಾಗ್ಲಿಲ್ಲ. ನಾಳೆ ಗಾಯ ಆದ್ರೂ ಗೊತ್ತಾಗಲ್ಲ. ಕಾಲು ಉಳಿಸ್ಕೋಬೇಕು ನೀವು.”

ಕಾಲು ಉಳಿಸಿಕೊಳ್ಳಬೇಕು ಎಂಬ ಮಾತು ಷಮೀಮಳ ಎದೆಗೆ ನಾಟಿತು. ಕಾಲು ಕತ್ತರಿಸಿಕೊಂಡ ಸೋದರತ್ತೆಯನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು.

ಆದರೆ ನಡೆಯುವುದು ಎಲ್ಲಿ? ಶಿಡ್ಲಘಟ್ಟದ ಮಾವಿನತೋಪು ಬಡಾವಣೆ ನಿಮಗೆ ಗೊತ್ತಿಲ್ಲ, ಹೇಳುತ್ತೇನೆ ಕೇಳಿ. ಹೆಸರಿಗೆ ತೋಪು, ಉಳಿದಿರುವುದು ಒಂದೇ ಮರ. ಎಪ್ಪತ್ತೊಂದು ಮನೆ. ಅರ್ಧಕ್ಕರ್ಧ ರೇಷ್ಮೆ ನೂಲು ಬಿಚ್ಚುವವರು, ಉಳಿದವರು ಹಳ್ಳಿಯಲ್ಲಿ ಹೊಲ ಇಟ್ಟುಕೊಂಡು ಊರಲ್ಲಿ ಮನೆ ಕಟ್ಟಿಕೊಂಡವರು. ಬೀದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಟ್ರ್ಯಾಕ್ಟರು, ರೇಷ್ಮೆಗೂಡಿನ ಮೂಟೆ ಹೇರಿಕೊಂಡ ಬೈಕು, ಬೀದಿನಾಯಿ, ಅಲ್ಲಲ್ಲಿ ಚಪ್ಪಡಿ ಹೋದ ಚರಂಡಿ. ಷಮೀಮ್ ಮೂರು ದಿನ ಅದೇ ಬೀದಿಯಲ್ಲಿ ನಡೆದಳು. ನಾಲ್ಕನೆಯ ದಿನ ಒಂದು ಬೈಕಿನ ಮೂಟೆ ಭುಜಕ್ಕೆ ತಾಗಿ ಗೋಡೆಗೆ ಒರಗಿದಳು. ಐದನೆಯ ದಿನ ಮನೆ ಬಿಟ್ಟು ಹೊರಡಲಿಲ್ಲ.

ಇಂಥ ಹೊತ್ತಿನಲ್ಲಿ ಅವಳ ಮನೆಯ ಎದುರಿಗೇ ಪಾರ್ಕು ಬಂತು. ಹತ್ತು ವರ್ಷದಿಂದ ಮುಳ್ಳುಗಿಡ ಬೆಳೆದು, ಕಸ ತುಂಬಿ, ಹಂದಿ ಹೊರಳಾಡುತ್ತಿದ್ದ ಜಾಗ ಅದು. ನಿವಾಸಿಗಳ ಸಂಘದವರು ನಗರಸಭೆಗೆ ಹೋಗಿ ಹೋಗಿ ಚಪ್ಪಲಿ ಸವೆಸಿ, ಕೊನೆಗೂ ಕೆಲಸ ಮಾಡಿಸಿಕೊಂಡರು. ಸುತ್ತ ಗೋಡೆ, ನಡೆಯುವುದಕ್ಕೆ ಕಲ್ಲು ಹಾಸಿದ ದಾರಿ, ಮಕ್ಕಳಿಗೆ ಎರಡು ಉಯ್ಯಾಲೆ, ಕೈಕಾಲು ಆಡಿಸುವ ನಾಲ್ಕು ಯಂತ್ರ, ನಾಲ್ಕು ಮೂಲೆಗೂ ದೀಪ. ಷಮೀಮ್ ನೂಲು ಬಿಚ್ಚುತ್ತಲೇ ದಿನಾ ಕಿಟಕಿಯಿಂದ ನೋಡುತ್ತಿದ್ದಳು. ಅವಳಿಗೆ ತನಗೇ ಯಾರೋ ದಾರಿ ಹಾಸುತ್ತಿದ್ದಾರೆ ಅನ್ನಿಸುತ್ತಿತ್ತು.

ಪಾರ್ಕು ತೆರೆದ ದಿನ ಕೆಲಸ, ಸ್ನಾನ, ನಮಾಜು ಮುಗಿಸಿ, ಹೊಸ ಚಪ್ಪಲಿ ಹಾಕಿಕೊಂಡು ಏಳು ಗಂಟೆಗೆ ಹೋದಳು. ಗೇಟಿಗೆ ಬೀಗ. ಪಕ್ಕದಲ್ಲಿ ಫಲಕ: ಬೆಳಗ್ಗೆ ಐದೂವರೆಯಿಂದ ಎಂಟು, ಸಂಜೆ ನಾಲ್ಕರಿಂದ ಆರೂವರೆ.

ಷಮೀಮಳ ದಿನವೂ ಬೆಳಗ್ಗೆ ಐದೂವರೆಗೇ ಶುರು. ಮನೆ ಮುಂದಿನ ಷೆಡ್ಡಿನಲ್ಲಿ ಒಲೆ ಹೊತ್ತಿಸಿ, ಗೂಡು ಬೇಯಿಸಿ, ಬಿಸಿನೀರಿಗೆ ಕೈ ಹಾಕಿದರೆ ಏಳುವುದು ಸಂಜೆ ಐದೂವರೆಗೆ. ಆಮೇಲೆ ಅಡುಗೆ. ಏಳರಿಂದ ಎಂಟು, ದಿನದಲ್ಲಿ ಅದೊಂದು ಗಂಟೆ ಅವಳದು. ಅವಳು ಗೇಟಿನ ಸರಳು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಬಂದಳು. ಅಳು ಬಂದಿತ್ತು, ಅತ್ತಳು.

“ಈ ಟೈಮು ಮಾಡಿದ್ದು ಯಾರಕ್ಕ?” ಅಂತ ಮಾರನೆಯ ದಿನ ಶ್ಯಾಮಲಮ್ಮನನ್ನು ಕೇಳಿದಳು.

“ಸಂಘದೋರು. ಎಲ್ಲರ ಒಪ್ಪಿಗೆ ಕೇಳೇ ಮಾಡಿದ್ದು.”

“ನಮ್ಮನ್ನ ಯಾರೂ ಕೇಳ್ಲಿಲ್ಲ.”

ಶ್ಯಾಮಲಮ್ಮ ಫೋನ್ ತೆಗೆದು ಸಂಘದ ವಾಟ್ಸಾಪ್ ಗುಂಪು ತೋರಿಸಿದರು. ಒಂದು ಉದ್ದನೆಯ ಪ್ರಕಟಣೆ. ಪಾರ್ಕಿನ ವೇಳೆ ಹೀಗೆ ಇಡಬೇಕೆಂದಿದ್ದೇವೆ, ಒಪ್ಪಿಗೆ ಇರುವವರು ಗುರುತು ಹಾಕಿ, ಆಕ್ಷೇಪಣೆ ಇರುವವರು ಬರೆದು ತಿಳಿಸಿ ಎಂದಿತ್ತು. ಕೆಳಗೆ ಮೂವತ್ತೆಂಟು ಹೆಬ್ಬೆರಳು. ಮೊಟ್ಟಮೊದಲನೆಯದು ಷಮೀಮಳ ಗಂಡ ಖಲೀಮುಲ್ಲಾನದು.

ಮನೆಯಲ್ಲಿ ಆವತ್ತು ನಡೆದ ಮಾತು ಉರ್ದುವಿನದು. ನಾವು ಕನ್ನಡದಲ್ಲೇ ಕೇಳೋಣ.

“ಇದನ್ನ ನೀವು ಓದಿದ್ರಾ?” ಅಂದಳು ಷಮೀಮ್.

“ಓದೋದೇನು? ದೊಡ್ಡೋರು ಹಾಕಿರ್ತಾರೆ. ಮರ್ಯಾದೆಗೆ ಒಂದು ಹೆಬ್ಬೆರಳು ಹಾಕ್ತೀನಿ.”

“ಅಬ್ಬಾ ಎಲ್ಲದಕ್ಕೂ ಹಾಕ್ತಾರೆ ಅಮ್ಮಿ,” ಅಂತ ಮಗಳು ಮಿಸ್ಬಾ ಬಾಯಿ ಹಾಕಿದಳು. “ಹೋದ ತಿಂಗಳು ಯಾರದೋ ಮಾವ ತೀರ್ಕೊಂಡ್ರು ಅಂತ ಬಂದಿತ್ತು. ಅದಕ್ಕೂ ಹಾಕಿದ್ರು.”

ಖಲೀಮುಲ್ಲಾ ಕೆಮ್ಮಿದ. ಕೆಟ್ಟ ಮನುಷ್ಯನಲ್ಲ. ಬೆಳಗಾದರೆ ಗೂಡಿನ ಮಾರುಕಟ್ಟೆ, ಒಂದೊಂದು ಗೂಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಹರಾಜು ಕೂಗುವವನಲ್ಲ. ಆದರೆ ಫೋನಿನಲ್ಲಿ ಬಂದದ್ದನ್ನು ಓದುವುದೆಂದರೆ ಅವನಿಗೆ ಬೇಜಾರು. ಹೆಂಡತಿ ಕಾಲು ಚಾಚಿ ಅಂಗಾಲು ತೋರಿಸಿ, “ನಿಮ್ಮ ಹೆಬ್ಬೆರಳು ನನ್ನ ಕಾಲಿಗೆ ಬೀಗ ಹಾಕ್ತು,” ಅಂದಾಗ ಅವನ ಮುಖ ಸಪ್ಪಗಾಯಿತು.

ಶ್ಯಾಮಲಮ್ಮ ಒಂದು ದಾರಿ ಹೇಳಿದರು. “ಬರೋ ಭಾನುವಾರ ಸಂಘದ ಸಭೆ ಐತೆ. ಮೂರು ದಿನ ಮುಂಚೆ ಹತ್ತು ಜನ ಸಹಿ ಹಾಕಿ ಅರ್ಜಿ ಕೊಟ್ರೆ ಆ ವಿಷಯ ಸಭೇಲಿ ತಗೊಳ್ಳಲೇಬೇಕು. ನಮ್ಮ ಸಂಘದ ನಿಯಮದಲ್ಲೇ ಬರೆದೈತೆ. ನೀನು ಬಾ, ಮಾತಾಡು.”

“ನಾನಾ? ಬೇಡಕ್ಕ. ಅದು ಗಂಡಸರ ಸಭೆ. ಟೀ ಕುಡೀತಾರೆ, ಬಿಸ್ಕತ್ತು ತಿಂತಾರೆ, ಬರ್ತಾರೆ. ನನ್ ಕನ್ನಡ ಕೇಳಿ ನಗ್ತಾರೆ ಅಷ್ಟೇ.”

“ನಗ್ಲಿ ಬಿಡು. ನಕ್ಕರೆ ನಿನ್ ಕಾಲು ಹೋಗುತ್ತಾ? ಸುಮ್ನೆ ಕೂತ್ರೆ ಹೋಗುತ್ತೆ.”

ಷಮೀಮ್ ಮಗಳನ್ನು ಕೂಗಿ ಕರೆದಳು. ಸಂಜೆ ಏಳರಿಂದ ಎಂಟರವರೆಗೂ ಪಾರ್ಕು ತೆರೆದಿಡಿ ಅಂತ ಮಿಸ್ಬಾ ಕೈಯಲ್ಲಿ ಅರ್ಜಿ ಬರೆಸಿದಳು. ಸಂಜೆ ಶ್ಯಾಮಲಮ್ಮನ ಜೊತೆ ಸಹಿಗೆ ಮನೆಮನೆಗೆ ಹೊರಟಳು. ಮೊದಲು ಹೋದದ್ದೇ ಸಂಘದ ಅಧ್ಯಕ್ಷ ನರಸಿಂಹಪ್ಪನವರ ಮನೆಗೆ. ಅವರು ಇರಲಿಲ್ಲ. ಅವರ ಹೆಂಡತಿ ಅಮ್ಮಾಜಮ್ಮ ಡೈರಿಗೆ ಹಾಲು ಹಾಕಿ ಬಂದು ಬಕೆಟ್ಟು ತೊಳೆಯುತ್ತಿದ್ದರು.

“ರಾಮ್ಮಾ, ರಾ,” ಅಂತ ತೆಲುಗಿನಲ್ಲೇ ಕರೆದು, ಅರ್ಜಿಯನ್ನು ಓದಿಸಿಕೊಂಡು ಕೇಳಿದರು. ಕೇಳಿ ಬಕೆಟ್ಟು ಕೆಳಗಿಟ್ಟರು. “ಅಯ್ಯೋ ನಮ್ಮಮ್ಮ, ನಂದೂ ಇದೇ ಗೋಳು! ಬೆಳಗ್ಗೆ ಸಂಜೆ ಹಾಲು ಕರೆದು ಡೈರಿಗೆ ಹಾಕೋ ಹೊತ್ತಿಗೆ ಸರಿಯಾಗಿ ಆ ಗೇಟು ತೆಗೀತಾರೆ. ಮಂಡಿ ಹಿಡ್ಕೊಂಡೈತೆ ನಂಗೂ. ಎಲ್ಲಿ ಸಹಿ ಹಾಕ್ಬೇಕು, ಕೊಡು ಇಲ್ಲಿ.”

“ಯಜಮಾನ್ರಿಗೆ ನೀವು ಹೇಳಿಲ್ವಾ ಅಮ್ಮ?” ಅಂದಳು ಷಮೀಮ್.

“ಅವ್ರು ಕೇಳಿಲ್ಲ, ನಾನು ಹೇಳಿಲ್ಲ.”

ಹತ್ತು ಸಹಿ ಬೇಕಿತ್ತು. ಎರಡು ಸಂಜೆಯಲ್ಲಿ ಇಪ್ಪತ್ತಾರು ಸಿಕ್ಕವು. ನೂಲು ಬಿಚ್ಚುವವರು, ಹಾಲಿನವರು, ಗಾರ್ಮೆಂಟ್ಸ್ ಬಸ್ಸಿನಲ್ಲಿ ಏಳಕ್ಕೆ ಬಂದಿಳಿಯುವ ಹುಡುಗಿಯರು. ಒಬ್ಬೊಬ್ಬರೂ ತಮ್ಮೊಬ್ಬರಿಗೇ ಈ ಕಷ್ಟ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದವರು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಸಭೆ. ಷಮೀಮಳ ಒಲೆ ಉರಿಯುವ ಹೊತ್ತು. ಖಲೀಮುಲ್ಲಾ ಮಾರುಕಟ್ಟೆಗೆ ಹೋಗಲಿಲ್ಲ. “ನೀನು ಹೋಗು, ಇವತ್ತು ಗೂಡು ಬೇಯೋ ಬೇಸಿನ್ ನಾನು ನೋಡ್ಕೋತೀನಿ,” ಅಂದ. ಅವನು ಆ ನೀರಿಗೆ ಕೈ ಹಾಕಿ ಎಷ್ಟು ವರ್ಷವಾಗಿತ್ತೋ! ಷಮೀಮ್ ಬೀದಿ ದಾಟುವಷ್ಟರಲ್ಲಿ ಒಳಗಿನಿಂದ ಅವನು ಅಯ್ಯಪ್ಪಾ ಎಂದದ್ದು ಕೇಳಿಸಿತು. ಅವಳು ಹಿಂದೆ ತಿರುಗಲಿಲ್ಲ.

ಪಾರ್ಕಿನಲ್ಲೇ ಕುರ್ಚಿ ಹಾಕಿದ್ದರು. ಯಾವಾಗಲೂ ಹದಿನೈದು ಜನ ಬರುವ ಸಭೆಗೆ ಆವತ್ತು ಐವತ್ತು ಜನ. ನರಸಿಂಹಪ್ಪನವರು ಅರ್ಜಿ ಓದಿದರು. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ, ಎಲ್ಲದಕ್ಕೂ ಕಾರಣ ಇಟ್ಟುಕೊಂಡೇ ಮಾತಾಡುವವರು.

“ನೋಡಿ, ಸುಮ್ನೆ ಬೀಗ ಹಾಕಿಲ್ಲ ನಾವು. ಹೋದ ವರ್ಷ ಇದೇ ಜಾಗದಲ್ಲಿ ಕತ್ತಲಾದ್ಮೇಲೆ ಕುಡಿದು ಬಾಟ್ಲಿ ಒಡೆದು ಹೋಗ್ತಿದ್ರು. ಮಗು ಕಾಲಿಗೆ ಗಾಜು ಹೊಕ್ಕಿತ್ತು. ಏಳು ಗಂಟೆಗೆ ತೆಗೆದಿಟ್ರೆ ಜವಾಬ್ದಾರಿ ಯಾರದು? ಯಾರಾದ್ರೂ ಹೇಳಿ.”

ಷಮೀಮ್ ಕೈ ಎತ್ತಿದಳು. ಮಿಸ್ಬಾ ಬರೆದುಕೊಟ್ಟಿದ್ದ ಚೀಟಿ ಬೆವರಿಗೆ ಒದ್ದೆಯಾಗಿ ಅಕ್ಷರ ಕಲಸಿಹೋಗಿತ್ತು. ಬಾಯಿಪಾಠ ಮಾಡಿದ್ದೂ ಮರೆತುಹೋಗಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದಳು.

“ಸಾರ್, ನನ್ ಕನ್ನಡ ತಪ್ಪಾದ್ರೆ ಮಾಫ್ ಮಾಡಿ. ನೀವು ಗೇಟು ತೆಗಿಯೋ ಹೊತ್ತಲ್ಲಿ ನನ್ ಕೈ ಬಿಸಿನೀರಲ್ಲಿ ಇರ್ತದೆ. ನನಗೆ ಶುಗರ್ ಅದೆ. ನಡೀದಿದ್ರೆ ಕಾಲು ಹೋಗ್ತದೆ ಅಂತ ಹೇಳವ್ರೆ. ನನ್ ಕಿಟಕಿಯಿಂದ ಪಾರ್ಕು ಪೂರಾ ಕಾಣ್ತದೆ. ಕುಡಿಯೋರು ಈಗ್ಲೂ ಗೋಡೆ ಹಾರಿ ಬರ್ತಾರೆ ಸಾರ್. ಯಾಕೆ? ಒಳಗೆ ಯಾರೂ ಇರಲ್ಲ, ಅದಕ್ಕೆ. ನಾವು ಇಪ್ಪತ್ತು ಹೆಂಗಸರು ದೀಪ ಹಾಕ್ಕೊಂಡು ನಡೀತಾ ಇದ್ರೆ ಯಾವನ್ ಬರ್ತಾನೆ?”

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಅಮ್ಮಾಜಮ್ಮ ಎದ್ದರು.

“ಜವಾಬ್ದಾರಿ ನಂದು ಅಂತ ಬರ್ಕೊಳ್ಳಿ. ನಂದು, ಈ ಷಮೀಮಂದು. ದಿನಾ ಇಬ್ಬಿಬ್ರು ಬೀಗದ ಕೈ ಇಟ್ಕೋತೀವಿ.”

ನರಸಿಂಹಪ್ಪನವರು ಕನ್ನಡಕ ಮೇಲೆತ್ತಿ ಹೆಂಡತಿಯನ್ನು ನೋಡಿದರು. “ನೀನೂ ಸಹಿ ಹಾಕಿದ್ದೀಯಾ?”

“ಮೊದಲನೇ ಸಹಿನೇ ನಂದು. ಸರಿಯಾಗಿ ಓದ್ರಿ.”

ಆಗ ನಕ್ಕರು ನೋಡಿ ಜನ! ನರಸಿಂಹಪ್ಪನವರೂ ನಕ್ಕರು. ದೊಡ್ಡತನ ಅವರದು; ಮನೆಯಾಕೆ ನಾಲ್ಕು ಜನರ ಎದುರಿಗೆ ಮಾತಾಡಿದಳೆಂದು ಮುಖ ಗಂಟು ಹಾಕಲಿಲ್ಲ. “ತಪ್ಪಾಯ್ತು. ಫೋನಲ್ಲಿ ಕೇಳಿದ್ವಿ, ಮನೇಲಿ ಕೇಳ್ಲಿಲ್ಲ,” ಅಂದರು. ಒಂದು ತಿಂಗಳು ನೋಡೋಣ, ಒಪ್ಪುವವರು ಕೈ ಎತ್ತಿ ಅಂದರು. ನಲವತ್ತೇಳು ಕೈ ಮೇಲೆ ಹೋದವು. ಷಮೀಮ್ ಕೂಡ ಎದ್ದು ನಿಂತು ಎಣಿಸಿದಳು.

ಆ ಸೋಮವಾರ ಏಳು ಗಂಟೆಗೆ ಪಾರ್ಕಿನ ನಾಲ್ಕೂ ದೀಪ ಹೊತ್ತಿದವು. ಬುರ್ಖಾದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡವರು, ಬಸ್ಸಿಳಿದು ಬ್ಯಾಗು ಸಮೇತ ಬಂದ ಹುಡುಗಿಯರು. ಅಮ್ಮಾಜಮ್ಮ ಕೈಕಾಲು ಆಡಿಸುವ ಯಂತ್ರ ಹತ್ತಿ ಇಳಿಯಲು ಬಾರದೆ ಕೂಗಿಕೊಂಡರು. ಇಬ್ಬರು ಹಿಡಿದು ಇಳಿಸಿದರು. ಷಮೀಮ್ ಮೊದಲ ದಿನ ನಾಲ್ಕು ಸುತ್ತು ನಡೆದಳು. ನಾಲ್ಕನೆಯ ಸುತ್ತಿಗೆ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ವಯಸ್ಸು ನಲವತ್ತಾರು ಎಂಬುದನ್ನೂ ಮರೆತು ಉಯ್ಯಾಲೆಯ ಮೇಲೆ ಕೂತುಬಿಟ್ಟಳು. ಗೇಟಿನ ಹೊರಗೆ ಖಲೀಮುಲ್ಲಾ, ಬೊಬ್ಬೆ ಬಂದ ಬೆರಳುಗಳನ್ನು ಊದಿಕೊಳ್ಳುತ್ತ, ಹೆಂಡತಿಯನ್ನು ನೋಡುತ್ತ ನಿಂತಿದ್ದ.

ಒಂದು ವಾರದಲ್ಲಿ ಗೋಡೆ ಹಾರುವವರು ಬೇರೆ ಜಾಗ ನೋಡಿಕೊಂಡರು. ತಿಂಗಳಾದ ಮೇಲೆ ಏಳು ಗಂಟೆಯೇ ಕಾಯಂ ಆಯಿತು. ಮುಂದಿನ ಸಭೆಯನ್ನು ಎಲ್ಲರಿಗೂ ಬಿಡುವಾಗುವಂತೆ ಸಂಜೆಗೆ ಇಟ್ಟರು. ಆ ಸಭೆಯಲ್ಲಿ ಮಿಸ್ಬಾ ಎದ್ದು ಹುಡುಗಿಯರಿಗೆ ಥ್ರೋಬಾಲ್ ನೆಟ್ ಕೇಳಿದಳು, ಅದೂ ಬಂತು. ಈಗ ಸಂಘದ ಪ್ರಕಟಣೆ ಗೇಟಿನ ಹಲಗೆಯ ಮೇಲೆ ಕನ್ನಡ, ಉರ್ದು ಎರಡರಲ್ಲೂ ದಪ್ಪ ಅಕ್ಷರದಲ್ಲಿ ಇರುತ್ತದೆ. ಖಲೀಮುಲ್ಲಾ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಮನೆಯಲ್ಲಿ ಎಲ್ಲರನ್ನೂ ಕೇಳಿ, ಆಮೇಲೆ ಒಪ್ಪಿಗೆ ಹೇಳುತ್ತಾನೆ.

ಐದು ತಿಂಗಳ ಮೇಲೆ ಷಮೀಮ್ ಶ್ಯಾಮಲಮ್ಮನ ಜೊತೆ ಆಸ್ಪತ್ರೆಗೆ ಹೋದಳು. ತಿಂಡಿಗೆ ಮುಂಚೆ ನೂರ ಇಪ್ಪತ್ತೊಂಬತ್ತು. ಡಾಕ್ಟರಮ್ಮ ಅಂಗಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗಾಯವಿಲ್ಲ, ಒಂದು ಬಿರುಕಿಲ್ಲ.

“ಕಾಲು ಉಳಿಸ್ಕೊಂಡ್ರಿ ಕಣಮ್ಮ! ಮಾತ್ರೆ ಅದೇ ಅಲ್ವಾ? ಹೊಸದಾಗಿ ಏನ್ ಮಾಡಿದ್ರಿ?”

“ಮಾತ್ರೆ ಅದೇ ಡಾಕ್ಟ್ರೇ, ಒಂದು ದಿನಾನೂ ಬಿಟ್ಟಿಲ್ಲ,” ಅಂದಳು ಷಮೀಮ್. “ಹೊಸದು ಅಂದ್ರೆ, ಮೀಟಿಂಗಲ್ಲಿ ಎದ್ದು ನಿಂತೆ.”

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಶ್ಯಾಮಲಮ್ಮ ಮೊದಲಿನಿಂದ ಹೇಳಬೇಕಾಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಗೂ ಒಂದು ಸಂಘವಿರಬಹುದು. ಅವರು ಹಾಕಿದ ಪ್ರಕಟಣೆ ಈಗಲೂ ನಿಮ್ಮ ಫೋನಿನಲ್ಲಿ ಓದದೆ ಬಿದ್ದಿರಬಹುದು. ತೆಗೆದು ಓದಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಒಪ್ಪಿಗೆ ಕೊಡುವ ಮುಂಚೆ ಮನೆಯವರನ್ನು ಕೇಳಿ; ಮನೆಯ ಹೆಂಗಸರನ್ನು ಮೊದಲು ಕೇಳಿ. ಪಾರ್ಕು, ಆಟದ ಬಯಲು, ಬೀದಿದೀಪ, ಯಾವುದೇ ಇರಲಿ, ಅದು ನಿಮ್ಮ ಕೆಲಸಕ್ಕೆ ಬರದಂತಿದ್ದರೆ ಅಕ್ಕಪಕ್ಕದವರ ಜೊತೆ ಸೇರಿ ಬರೆದುಕೊಡಿ, ಸಭೆಗೆ ಹೋಗಿ ಹೇಳಿ. ನೀವು ಹೇಳದಿದ್ದರೆ ನಿಮ್ಮ ಕಷ್ಟ ಅಧ್ಯಕ್ಷರಿಗೆ ಕನಸಿನಲ್ಲಿ ಕಾಣುವುದಿಲ್ಲ. ಭಾಷೆ ತಪ್ಪಾದರೆ ಆಗಲಿ, ಕೈ ನಡುಗಿದರೆ ನಡುಗಲಿ. ಮುಂದಿನ ಸಭೆ ಯಾವತ್ತು ಅಂತ ಇವತ್ತೇ ವಿಚಾರಿಸಿ, ಆವತ್ತು ಒಲೆ ಆರಿಸಿಯಾದರೂ ಹೋಗಿ ಬನ್ನಿ.