ಓರಿಕ್ಸ್‌ಗಳು ಕಲಿತ ಬಿಸ್ಮಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಹೈಮಾ ಎಂಬ ಅರಬ್ ಊರಿನಾಚೆಯ ಬಯಲಿನಲ್ಲಿ ಮರುಭೂಮಿಯೇ ಕಾಣುತ್ತಿರಲಿಲ್ಲ. ಅರಬ್ಬೀ ಕಡಲಿನಿಂದ ತೇಲಿಬಂದ ತೇವ ಮುಳ್ಳುಮರಗಳ ತುದಿಯಲ್ಲಿ ಹನಿಗಟ್ಟಿತ್ತು, ಬೇಲಿಯ ತಂತಿಯಿಂದ ತೊಟ್ಟಿಕ್ಕುತ್ತಿತ್ತು. ಮಳೆ ಬಾರದ ಸೀಮೆಗೆ ದೇವರು ಹೀಗೂ ನೀರು ಕಳಿಸುತ್ತಾನಲ್ಲ ಎಂದು ಇದ್ದಿನಬ್ಬರು ಮನಸ್ಸಿನಲ್ಲೇ ಶುಕ್ರ್ ಹೇಳಿಕೊಂಡರು.

ಫರಂಗಿಪೇಟೆಯ ಇದ್ದಿನಬ್ಬರು ಆ ಬೇಲಿಯೊಳಗಿನ ಜಿಂಕೆ ಜಾತಿಯ ಒಂಬತ್ತು ಓರಿಕ್ಸ್‌ಗಳಿಗೆ ನಾಲ್ಕು ವರ್ಷಗಳಿಂದ ಹುಲ್ಲು ಹಾಕುತ್ತಿದ್ದವರು. ಬಿಳಿ ಮೈ, ಕಪ್ಪು ಕಾಲು, ಈಟಿಯಂತೆ ನೆಟ್ಟಗಿನ ಕೊಂಬು. ಅರಬರು ‘ಮಹಾ’ ಎನ್ನುತ್ತಾರೆ. ಬೇಟೆಗಾರರ ಜೀಪುಗಳು ಒಂದು ಕಾಲಕ್ಕೆ ಈ ಬಯಲಿನಿಂದ ಅವುಗಳ ಸಂತಾನವನ್ನೇ ಗುಡಿಸಿಹಾಕಿದ್ದವು. ಸಾಕಿ ಬೆಳೆಸಿದ ಹಿಂಡನ್ನು ಮತ್ತೆ ಬಯಲಿಗೆ ಬಿಡುವ ದಿನ ಅದು.

ಕಾವಲುಗಾರ ಮುಸಲ್ಲಮ್ ಆ ಬಯಲಿನಲ್ಲೇ ಹುಟ್ಟಿದವನು. ಅಜ್ಜ ಕಣ್ಣಾರೆ ಕಂಡಿದ್ದ, ಬಯಲಲ್ಲಿ ಸ್ವಚ್ಛಂದ ಅಲೆಯುವ ಮಹಾಗಳನ್ನು ಅವನು ಕಥೆಯಲ್ಲಷ್ಟೇ ಕೇಳಿದ್ದ. ಅವನು ಗೇಟಿನ ಚಿಲಕಕ್ಕೆ ಕೈಯಿಟ್ಟು ಗಟ್ಟಿಯಾಗಿ “ಬಿಸ್ಮಿಲ್ಲಾ” ಎಂದು ದೇವರ ಹೆಸರು ಹೇಳಿದ.

ಹೊರಗೆ ಹೆಜ್ಜೆಯಿಡಲಿದ್ದ ಒಂಬತ್ತೂ ತಲೆಗಳು ಒಮ್ಮೆಗೇ ತಿರುಗಿದವು. ದಡದಡನೆ ಓಡಿಬಂದು ಹುಲ್ಲಿನ ತೊಟ್ಟಿಯ ಬಳಿ, ಇದ್ದಿನಬ್ಬರ ಮುಂದೆ, ಮದುವೆ ಊಟಕ್ಕೆ ಕಾದವರಂತೆ ನಿಂತವು.

ಪಶುವೈದ್ಯೆ ಜೊವಿಟಾ ಉಡುಪಿಯವಳು. “ಇದೆಂತದು ಇದ್ದಿನಬ್ಬಾಕ? ಮಾತಾಡದೆ ಹುಲ್ಲು ಹಾಕಿ ಅಂತ ಎಷ್ಟು ಸಲ ಹೇಳಿದ್ದೇನೆ!”

“ನಾನೆಲ್ಲಿ ಮಾತಾಡಿದ್ದು ಡಾಕ್ಟ್ರೇ? ಬಿಸ್ಮಿ ಹೇಳದೆ ಒಂದು ಜೀವದ ಮುಂದೆ ಅನ್ನ ಇಡುದು ಹೇಗೆ? ಅದು ಮಾತಿನ ಲೆಕ್ಕಕ್ಕೆ ಬರ್ತದಾ?”

ಮುಸಲ್ಲಮ್ ಹೊಟ್ಟೆ ಹಿಡಿದು ನಕ್ಕ. “ಯಾ ಹಾಜಿ, ನನ್ನ ಮಕ್ಕಳಿಗೂ ಇಷ್ಟು ಚೆನ್ನಾಗಿ ಕಲಿಸಲಾಗಲಿಲ್ಲ ನನಗೆ!” ಎಂದು ಹರಕು ಹಿಂದಿಯಲ್ಲಿ ಹೇಳಿದ.

ಜೊವಿಟಾ ನಗಲಿಲ್ಲ. “ಬಂದೂಕು ಹಿಡಿದವನೂ ಜೀಪು ಹತ್ತುವಾಗ ಬಿಸ್ಮಿಲ್ಲಾ ಹೇಳ್ತಾನಲ್ಲ. ಅವನ ಹತ್ರ ಹೀಗೇ ಓಡಿಹೋದ್ರೆ? ಎರಡು ತಿಂಗಳು ನೋಡುವ. ಮರೀದಿದ್ರೆ ಸಾಯುವವರೆಗೆ ಇವಕ್ಕೆ ಬೇಲಿಯೇ ಗತಿ.”

ಇದ್ದಿನಬ್ಬರಿಗೆ ಅಂದು ಗಂಜಿಯೂ ಇಳಿಯಲಿಲ್ಲ. ಮರೆಸಬೇಕೆಂದರೆ ಬಿಸ್ಮಿ ಹೇಳಿಯೂ ಹುಲ್ಲು ಹಾಕದೆ ಇರಬೇಕು. ಆ ಹೆಸರು ಹೇಳಿ ಬರಿಗೈ ತೋರಿಸುವುದೇ? ಮೂಕಜೀವಕ್ಕೆ ಮೋಸವಲ್ಲವೇ ಎಂದು ಮುಸಲ್ಲಮ್‌ನ ಬಳಿ ತೋಡಿಕೊಂಡರು.

“ಆ ಹೆಸರು ಹುಲ್ಲಿಗೆ ಮಾತ್ರವಾ ಹಾಜಿ?” ಎಂದ ಮುಸಲ್ಲಮ್. “ಚಹಾ ಕುಡಿಯುವಾಗ ಹೇಳಿ, ಚಪ್ಪಲಿ ಮೆಟ್ಟುವಾಗ ಹೇಳಿ. ಇದರಲ್ಲಿ ಯಾರಿಗೆ ಮೋಸ?”

ಮಾರನೆಯ ದಿನದಿಂದ ಇದ್ದಿನಬ್ಬರು ಬೇಲಿಯ ಪಕ್ಕ ಚಾಪೆ ಹಾಸಿದರು. ಕೂರುವಾಗ ಬಿಸ್ಮಿ, ಚಹಾಕ್ಕೆ ಬಿಸ್ಮಿ, ಖರ್ಜೂರಕ್ಕೆ ಬಿಸ್ಮಿ, ಹರಿದ ಅಂಗಿಗೆ ಸೂಜಿ ಚುಚ್ಚುವಾಗಲೂ ಬಿಸ್ಮಿ. ಹುಲ್ಲು ಹಾಕುವಾಗ ಮಾತ್ರ ತುಟಿ ಬಿಗಿದು ಎದೆಯೊಳಗೇ ಹೇಳಿದರು. ಕೇಳಬೇಕಾದವನಿಗೆ ಅಷ್ಟು ಸಾಕು. ಮೊದಮೊದಲು ಒಂಬತ್ತೂ ಬಂದು, ಕಾದು, ಮೂಗಿನಲ್ಲಿ ಬುಸ್ಸೆಂದು ಬೈದು ಹೋದವು. ಮೂರನೆಯ ವಾರ ನಾಲ್ಕೇ ಬಂದವು. ಕೊನೆಗೆ ಬರುತ್ತಿದ್ದುದು ಒಂದೇ, ಅವರು ಬಾಟಲಿ ಹಾಲು ಕುಡಿಸಿ ಬದುಕಿಸಿದ್ದ ಹೆಣ್ಣು. ಒಂದು ದಿನ ಅದೂ ಕಿವಿ ನಿಮಿರಿಸಲಿಲ್ಲ.

“ಗೆದ್ದೆ ಮೈಮುನಾ,” ಎಂದರು ಫೋನಿನಲ್ಲಿ ಹೆಂಡತಿಗೆ. “ಆದ್ರೂ ಎದೆಯಲ್ಲಿ ಎಂತದೋ ಖಾಲಿ.”

“ಕೊಡ್ಲಿಕ್ಕೇ ಅಲ್ವಾ ನೀವು ಸಾಕಿದ್ದು?” ಎಂದರು ಮೈಮುನಾ. “ನಂಬಿ ಒಪ್ಪಿಸಿದ ಅಮಾನತ್ತನ್ನು ನಮ್ಮದು ಅಂತ ಇಟ್ಕೊಳ್ಳಿಕ್ಕೆ ಉಂಟಾ?”

ಎರಡನೆಯ ಸಲ ಬಿಡುವಾಗ ಮುಸಲ್ಲಮ್ ಚಿಲಕವನ್ನು ಇದ್ದಿನಬ್ಬರಿಗೇ ಬಿಟ್ಟುಕೊಟ್ಟು, ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಬಿಸ್ಮಿಲ್ಲಾ ಎಂದ. ಒಂದು ತಲೆಯೂ ತಿರುಗಲಿಲ್ಲ. ಜೊವಿಟಾ ತಲೆಯಾಡಿಸಿ ಒಪ್ಪಿಗೆ ಕೊಟ್ಟಳು. ಒಂದೊಂದಾಗಿ ಎಂಟು ಹೊರಗೆ ನಡೆದವು. ಬಾಟಲಿ ಹಾಲಿನ ಹೆಣ್ಣು ಮಾತ್ರ ಗೇಟಿನಲ್ಲಿ ನಿಂತು, ಅವರ ಅಂಗೈಯನ್ನು ಮೂಸಿತು.

ಇದ್ದಿನಬ್ಬರು ಆ ಕೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡರು. ಒಂದು ಮಾತೂ ಆಡದೆ ಗೇಟನ್ನು ಇನ್ನಷ್ಟು ಅಗಲಕ್ಕೆ ತೆರೆದು, ಬಯಲಿನದನ್ನು ಬಯಲಿಗೆ ಬಿಟ್ಟು, ಪಕ್ಕಕ್ಕೆ ಸರಿದು ನಿಂತರು.